ಟ್ರೂಸ್ ಇನ್ನೂ ತಿಂದಿಲ್ಲ

ಅಕ್ಟೋಬರ್ 4, ಶನಿವಾರ

ಹೊಸ ಮನೆ ಸೇರಿದ್ದಾಯಿತು. ನಾನು, ಬಿಚ್ಚದ ರಟ್ಟಿನ ಪೆಟ್ಟಿಗೆಗಳು, ಮತ್ತು ಬಾರೆಂಡನ ಹಾವು. ಹಾವು ನನ್ನದಲ್ಲ ಎಂಬುದನ್ನು ಮೊದಲ ಪುಟದಲ್ಲೇ ಬರೆದಿಡುತ್ತೇನೆ.

ನಾವು ಗಂಡಹೆಂಡಿರು ಬೇರೆಯಾದಾಗ ಬಾರೆಂಡ್ ಜ್ವೋಲ್ಲೆ ಊರಿನ ಮನೆಯನ್ನು ಉಳಿಸಿಕೊಂಡ, ನಾನು ಪಕ್ಕದೂರು ಕಾಂಪೆನ್ನಿನ ಈ ಸಾಲುಮನೆಗೆ ಬಂದೆ. ಆ ಮನೆಯಲ್ಲಿ ಈಗ ಅವನ ಹೊಸ ಸಂಗಾತಿ ಮೆರೆಲ್ ಇದ್ದಾಳೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದೂ ನೆಟ್ಟಗೆ ನಡೆಯಲಿಲ್ಲ. ಹುತ್ತ ಮೆರೆಲ್‌ಗೆ ಹೋಯಿತು, ಹಾವು ನನ್ನ ಜೊತೆ ಬಂತು. ಹಾವೆಂದರೆ ಅವಳ ಕೈಕಾಲು ತಣ್ಣಗಾಗುತ್ತವಂತೆ. ಗೋಡೆಯೊಳಗೆ ಕೂರಿಸಿದ್ದ ಓಕ್ ಮರದ, ಹಾವಿನ ಹಳೆಯ ಗೂಡಿನಲ್ಲಿ ಈಗ ವೈನ್ ಬಾಟಲಿಗಳನ್ನು ಜೋಡಿಸಿದ್ದಾರೆ.

ಬಾರೆಂಡ್ ತೋಟದ ಮೂಲೆಯಲ್ಲಿ ಹಾವಿಗೆಂದೇ ಒಂದು ಕೋಣೆ ಕಟ್ಟಿಸುತ್ತಿದ್ದಾನೆ. ಅಲ್ಲಿಯವರೆಗೆ ನನ್ನಲ್ಲಿರಲಿ ಎಂದ. "ಸ್ವಲ್ಪ ದಿನ ಅಷ್ಟೇ, ಗೆರ್ಡೀನ್. ಹೊಸ ಗೂಡಿಗೆ ಒಗ್ಗಿಕೊಂಡು ತಿನ್ನೋಕೆ ಶುರು ಮಾಡಿದ್ಲು ಅಂದ ಕೂಡಲೇ ಹೇಳು, ಬಂದು ಕರ್ಕೊಂಡು ಹೋಗ್ತೀನಿ. ತಿನ್ನದೇ ಇರೋ ಹಾವನ್ನ ಮತ್ತೆ ಜಾಗ ಬದಲಾಯಿಸಬಾರದು." ಹಾಗಾಗಿ ನನ್ನ ಕೆಲಸ ಇಷ್ಟೇ: ಹಾವು ತಿನ್ನುವಂತೆ ಮಾಡುವುದು, ಅವನಿಗೆ ಹೇಳುವುದು, ಕೈತೊಳೆದುಕೊಳ್ಳುವುದು. ಹೇಳಬೇಕೆಂದರೆ ಫೋನಿನಲ್ಲಿ ಮಾತಾಡಲೇಬೇಕಾಗುತ್ತದೆ. ಅದಕ್ಕೆ ನಾನೇನು ಮಾಡಲಿ.

ಹಾವಿನ ಹೆಸರು ಟ್ರೂಸ್. ಬಾರೆಂಡನ ಚಿಕ್ಕಮ್ಮನ ಹೆಸರು. ಆಕೆ ಎಲ್ಲರ ಹುಟ್ಟುಹಬ್ಬಕ್ಕೂ ಬಂದು, ಮೂಲೆಯ ಕುರ್ಚಿ ಹಿಡಿದು, ಮಾತಿಲ್ಲದೆ ತಿಂದು ಹೋಗುತ್ತಿದ್ದರು. ಹೆಬ್ಬಾವು ಎಂದರೆ ಜನ ಹಸು ನುಂಗುವಂಥದ್ದು ಎಂದುಕೊಳ್ಳುತ್ತಾರೆ. ಇದು ನನ್ನ ಮುಂಗೈಯಷ್ಟು ದಪ್ಪ, ಹೆದರಿದರೆ ತಲೆ ಒಳಗಿಟ್ಟು ಚೆಂಡಾಗುವ ಪುಕ್ಕಲು ಜಾತಿ.

ಹೊಸ ಗೂಡು ನಾಲ್ಕೂ ಕಡೆ ಗಾಜು. ಬೀದಿಯ ಕಡೆಯ ಕಿಟಕಿಯ ಮುಂದೆ, ಎರಡು ಆರ್ಕಿಡ್ ಕುಂಡಗಳ ನಡುವೆ ಸರಿಯಾಗಿ ಕೂತಿತು. ಉತ್ತರದ ಕಿಟಕಿ, ಬಿಸಿಲಿನ ಭಯವಿಲ್ಲ. ಪರದೆಗಳೂ ಇವೆ, ಆದರೆ ಈ ಬೀದಿಯಲ್ಲಿ ಪರದೆ ಎಳೆಯುವವರು ಯಾರೂ ಇಲ್ಲ. ಎಳೆದರೆ ಒಳಗೇನೋ ನಡೆಯುತ್ತಿದೆ ಎಂದರ್ಥ. ಒಳಗೆ ಏನೂ ನಡೆಯುತ್ತಿಲ್ಲ ಎಂದು ತೋರಿಸಿಕೊಳ್ಳುವುದೇ ಮರ್ಯಾದಸ್ಥರ ಲಕ್ಷಣ. ನನ್ನ ಮನೆಯಲ್ಲಂತೂ ಏನೂ ನಡೆಯುತ್ತಿಲ್ಲ.

ಅಕ್ಟೋಬರ್ 7, ಮಂಗಳವಾರ

ಒಂದು ವಾರ ಹಾವನ್ನು ಮುಟ್ಟಬಾರದು, ಮಾತಾಡಿಸಬಾರದು, ಊಟ ತೋರಿಸಬಾರದು, ತನ್ನ ಪಾಡಿಗೆ ಬಿಡಬೇಕು. ಇಂಥ ಉಪಚಾರ ಎಲ್ಲರಿಗೂ ಸಿಗುವುದಿಲ್ಲ. ನಾನು ಮನೆ ಬದಲಿಸಿ ಸೋಮವಾರವೇ ಕೆಲಸಕ್ಕೆ ಹೋಗಿದ್ದೇನೆ.

ಗೂಡಿನ ಒಂದು ತುದಿಗೆ ಬೆಚ್ಚನೆಯ ಚಾಪೆ, ಇನ್ನೊಂದು ತುದಿ ತಂಪು, ನಡುವೆ ನೀರಿನ ಬಟ್ಟಲು, ಅಡಗಲು ಮರದ ತೊಗಟೆಯ ಒಂದು ತುಂಡು. ಅದರ ಕೆಳಗೆ ಹಾವಿನ ಅರ್ಧ ಮಾತ್ರ ಹಿಡಿಸುತ್ತದೆ. ಉಳಿದರ್ಧವನ್ನು ಬೀದಿ ನೋಡುತ್ತದೆ.

ಇಂದು ಪರೀಕ್ಷೆಗೆ ಬಂದವರೆಲ್ಲ ಫೇಲ್. ಡ್ರೈವಿಂಗ್ ಪರೀಕ್ಷಕಿಯಾಗಿ ಇಷ್ಟು ವರ್ಷದಲ್ಲಿ ಇಂಥ ಕೆಟ್ಟ ಚಾಲಕರನ್ನು ನೋಡಿರಲಿಲ್ಲ. ಒಬ್ಬಳು ಅತ್ತಳು. ಕನ್ನಡಿ ನೋಡದೆ ತಿರುಗಿಸಿದರೆ ಅಳಬೇಕಾಗುತ್ತದೆ ಎಂದು ಹೇಳಿದೆ. ನಿಜ ತಾನೇ.

ಅಕ್ಟೋಬರ್ 11, ಶನಿವಾರ

ಮೊದಲ ಊಟ. ಬಟಾಣಿ ಪೊಟ್ಟಣದ ಪಕ್ಕ ಹೆಪ್ಪುಗಟ್ಟಿ ಮಲಗಿದ್ದ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಹಿಡಿದು ಹಾವಿನ ಮೂಗಿನ ಮುಂದೆ ಆಡಿಸಿದೆ. ಬಾರೆಂಡನ ತಾಯಿ ನನ್ನ ಅಡುಗೆಯನ್ನು ನೋಡುತ್ತಿದ್ದ ಹಾಗೆಯೇ ನೋಡಿತು. ಆಮೇಲೆ ತಲೆಯನ್ನು ಸುರುಳಿಯೊಳಗೆ ಇಟ್ಟುಕೊಂಡಿತು. ಹೊರಗೆ ನಾಯಿಯನ್ನು ಅಡ್ಡಾಡಿಸಲು ಬಂದಿದ್ದ ಗಂಡಹೆಂಡತಿ ನಿಂತು ಪೂರ್ತಿ ನೋಡಿದರು. ಮುಗಿದ ಮೇಲೆ ಆತ ಟೋಪಿ ಎತ್ತಿ ನಮಸ್ಕಾರ ಹೇಳಿದ.

ಬಾರೆಂಡ್ ಫೋನ್ ಮಾಡಿದ್ದ. ಅರ್ಧ ಗಂಟೆ ಮಾತು. ಚಾಪೆಯ ಬಿಸಿ ಎಷ್ಟು, ನೀರು ಕುಡಿಯುತ್ತಾಳಾ, ಚರ್ಮ ಹೇಗಿದೆ. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ಕೇಳಲಿ ಎಂದು ನಾನೇನೂ ಕಾಯುತ್ತಿರಲಿಲ್ಲ. ಸಂಜೆಯೆಲ್ಲ ಕಾಯುತ್ತಿರಲಿಲ್ಲ. ಧ್ವನಿ ಸ್ವಲ್ಪ ಒಡೆದಂತಿತ್ತು, ನೆಗಡಿಯಿರಬೇಕು. ಮೆರೆಲ್‌ಗೆ ಅವನ ಎದೆಗೆ ಕರ್ಪೂರದ ಎಣ್ಣೆ ಹಚ್ಚಬೇಕೆಂದು ಗೊತ್ತಿರಲಾರದು.

ಅಕ್ಟೋಬರ್ 16, ಗುರುವಾರ

ಬೀದಿಗೆ ಕೆಲಸ ಸಿಕ್ಕಿದೆ. ಶಾಲೆಗೆ ಹೋಗುವ ಮಕ್ಕಳು ಸೈಕಲ್ ನಿಲ್ಲಿಸಿ ಮೂಗನ್ನು ಗಾಜಿಗೆ ಒತ್ತುತ್ತಾರೆ. ಎದುರು ಮನೆಯ ಹೆನ್ನಿ, ಬೇಕರಿ ನಡೆಸಿ ಈಗ ವಿಶ್ರಾಂತಿಯಲ್ಲಿರುವಾಕೆ, ಎಪ್ಪತ್ತು ದಾಟಿದವಳು, ಭಾನುವಾರ ಎರಡು ಹೊತ್ತೂ ಚರ್ಚಿಗೆ ಹೋಗುವವಳು, ದಿನವೂ ಕಿಟಕಿಯ ಹೊರಗೆ ನಿಂತು ಬೆರಳುಗಳನ್ನು ಬಾಯಿಗೆ ತಂದು ಕೇಳುತ್ತಾಳೆ: ತಿಂದಿತಾ? ನಾನು ಒಳಗಿನಿಂದ ಇಲ್ಲವೆಂದು ತಲೆಯಾಡಿಸುತ್ತೇನೆ. ಅವಳ ಬೇಕರಿಯ, ಚರ್ಚಿನ ವಿಷಯವೆಲ್ಲ ಅಂಚೆಯವನು ಹೇಳಿದ್ದು, ನಮ್ಮಿಬ್ಬರ ನಡುವೆ ಇನ್ನೂ ಒಂದು ಮಾತೂ ಆಗಿಲ್ಲ. ಇದೇ ಚೆನ್ನಾಗಿದೆ.

ಅಕ್ಟೋಬರ್ 19, ಭಾನುವಾರ

ತಿಂದಿಲ್ಲ. ಬಾರೆಂಡ್ ಫೋನ್ ಮಾಡಲಿಲ್ಲ.

ಅಕ್ಟೋಬರ್ 25, ಶನಿವಾರ

ಮತ್ತೆ ಇಲಿ, ಮತ್ತೆ ಅವಮಾನ. ಕತ್ತಲಾಗುತ್ತಲೇ ಹಾವು ಗಾಜಿನುದ್ದಕ್ಕೂ ಮೂಗು ಉಜ್ಜುತ್ತ ಬಾಗಿಲು ಹುಡುಕುತ್ತದೆ. ಹಳೆಯ ಗೂಡನ್ನು ಹುಡುಕುತ್ತಿದೆಯೋ ಏನೋ. ಅಲ್ಲಿ ಈಗ ವೈನ್ ಇದೆ, ಸುಮ್ಮನೆ ಮಲಗು ಎಂದೆ. ಇದ್ದಲ್ಲಿಗೆ ಒಗ್ಗಿಕೊಳ್ಳಲು ಬಾರದ ಜೀವಿಗಳನ್ನು ಕಂಡರೆ ನನಗೆ ಆಗುವುದಿಲ್ಲ.

ನಾನು ಅಡುಗೆಮನೆಯಲ್ಲಿ ನಿಂತೇ ಬ್ರೆಡ್ಡು, ಚೀಸು ತಿಂದೆ. ದಿನವೂ ಹಾಗೆಯೇ. ಊಟದ ಮೇಜು ಕಿಟಕಿಗೆ ನೇರವಾಗಿದೆ. ಮೇಜಿನ ಮೇಲೆ ಒಂದೇ ತಟ್ಟೆ ಇರುವುದನ್ನು ಬೀದಿಗೆ ಪ್ರದರ್ಶಿಸುವ ಅಗತ್ಯ ಕಂಡಿಲ್ಲ. ತಟ್ಟೆಗಳೂ ಇನ್ನೂ ಪೆಟ್ಟಿಗೆಯಲ್ಲೇ ಇವೆ.

ನವೆಂಬರ್ 2, ಭಾನುವಾರ

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಇಳಿದಿದೆ. ಬೆನ್ನಿನ ಮೂಳೆ ಕೈಗೆ ಸಿಗುತ್ತಿದೆ, ಮೊದಲು ಸಿಗುತ್ತಿರಲಿಲ್ಲ. ಇಲಿ ಮಾರುವ ಅಂಗಡಿಯವನು, ತಿಂಗಳುಗಟ್ಟಲೆ ಉಪವಾಸವಿದ್ದರೂ ಬದುಕುತ್ತವೆ ಬಿಡಿ ಎಂದಿದ್ದ. ಹೇಳುವವನಿಗೇನು.

ಸತ್ತರೆ ಬಾರೆಂಡನಿಗೆ ಏನು ಹೇಳಲಿ ಎಂದು ಯೋಚಿಸುತ್ತ ಕೂತೆ. ಆಮೇಲೆ ನೋಡಿದರೆ ಬಾರೆಂಡನ ವಿಚಾರ ಬಿಟ್ಟುಹೋಗಿ, ಸಾಯಬಾರದು ಎಂಬುದಷ್ಟೇ ಉಳಿದಿತ್ತು. ಕೈಯಲ್ಲಿದ್ದಾಗ ಟ್ರೂಸ್ ನನ್ನ ಅಂಗಿಯ ತೋಳಿನೊಳಗೆ ತಲೆ ತೂರಿಸಿ ಅಲ್ಲೇ ನಿಂತುಬಿಟ್ಟಳು. ಕತ್ತಲು ಬೇಕಿತ್ತೋ ಏನೋ. ನನಗೆ ಭಯವಾಯಿತು, ಹಾವಿನ ಭಯವಲ್ಲ.

ನವೆಂಬರ್ 4, ಮಂಗಳವಾರ

ಹೆನ್ನಿ ಬಾಗಿಲಿಗೇ ಬಂದಳು. ಒಳಗೆ ಕರೆಯದೆ ವಿಧಿಯಿರಲಿಲ್ಲ. ಕಾಫಿ ಕೊಟ್ಟೆ, ಬಿಸ್ಕತ್ತಿನ ಡಬ್ಬಿ ತೆರೆದು, ಇಲ್ಲಿಯ ರೂಢಿಯಂತೆ ಒಂದೇ ಒಂದು ಕೊಟ್ಟು ಮುಚ್ಚಿದೆ. ಆಕೆ ಅದನ್ನು ಮೆಚ್ಚಿದ ಹಾಗೆ ಕಂಡಿತು.

ಗೂಡಿನ ಪಕ್ಕದ ಕುರ್ಚಿಯಲ್ಲಿ ಕೂತು, ಹೊರಗೆ ಹೋಗುವವರೆಲ್ಲ ಇಣುಕುವುದನ್ನು ಮೊದಲ ಸಲ ಒಳಗಿನಿಂದ ನೋಡಿದಳು. ದಿನವೂ ಇಣುಕುವವಳಿಗೆ ಇದು ಹೊಸ ಅನುಭವ. ಕಾಫಿ ಕೆಳಗಿಟ್ಟು ಹೇಳಿದಳು: "ಪಾಪ, ಇದನ್ನ ನಡುಬೀದೀಲಿ ಊಟಕ್ಕೆ ಕೂರಿಸಿದ ಹಾಗಿದೆ ಕಣಮ್ಮ. ಮದುವೆಯಾದ ಹೊಸದ್ರಲ್ಲಿ ನಮ್ಮತ್ತೆ ಎದುರಿಗೆ ಕೂತು ನೋಡ್ತಿದ್ರು. ನಂಗೆ ಒಂದು ತುತ್ತೂ ಇಳೀತಿರ್ಲಿಲ್ಲ. ಉಗ್ರಾಣಕ್ಕೆ ಹೋಗಿ ಹಿಟ್ಟಿನ ಮೂಟೆ ಹಿಂದೆ ಕೂತು ತಿಂತಿದ್ದೆ."

ಆಮೇಲೆ ಟಾಯ್ಲೆಟ್ಟಿಗೆ ಹೋದವಳು ಗಾಬರಿಯಿಂದ ಹೊರಬಂದಳು. ನೆಂಟರಿಷ್ಟರ ಹುಟ್ಟುಹಬ್ಬ ಬರೆದು ಇಲ್ಲಿ ಎಲ್ಲರೂ ಟಾಯ್ಲೆಟ್ಟಿನಲ್ಲೇ ತೂಗುಹಾಕುವ ಕ್ಯಾಲೆಂಡರ್ ಗೋಡೆಯಲ್ಲಿ ಇಲ್ಲ. ಪೆಟ್ಟಿಗೆಯಲ್ಲಿದೆ ಎಂದೆ. ಜನ ಟಾಯ್ಲೆಟ್ಟಿನಲ್ಲಿ ಕೂತು ಏನು ನೋಡಬೇಕು ಎಂದು ಕೇಳಿದಳು. ನಾನು ಹುಟ್ಟಿದ ತಾರೀಖನ್ನು ಬಾಯಿ ಬಿಡಿಸಿಕೊಂಡೇ ಹೋದಳು, ನವೆಂಬರ್ ಇಪ್ಪತ್ತೊಂಬತ್ತು. ಈ ವರ್ಷ ಆಚರಿಸುತ್ತಿಲ್ಲ ಎಂದೆ.

"ಆಚರಿಸೋದು ಬಿಡೋದು ನಿಮ್ಮಿಷ್ಟ. ನಾವು ಬರೋದಂತೂ ಬರ್ತೀವಿ."

ನವೆಂಬರ್ 5, ಬುಧವಾರ

ಹೆನ್ನಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹಳೆಯ ಗೂಡಿಗೆ ಮುಂದೆ ಮಾತ್ರ ಗಾಜಿತ್ತು, ಉಳಿದದ್ದೆಲ್ಲ ಮರ. ನಾಲ್ಕು ಕಡೆಯಿಂದ ಕಾಣುವಂತೆ ಬೀದಿಯಲ್ಲಿ ಇಟ್ಟು, ನಾಚಿಕೆಯಿಲ್ಲದೆ ತಿನ್ನು ಎಂದು ಒತ್ತಾಯಿಸುತ್ತಿದ್ದವಳು ನಾನು. ಮುಚ್ಚಿಡಲು ನಮ್ಮಲ್ಲೇನಿದೆ ಎಂಬ ಜಂಬ ನನ್ನದು, ಉಪವಾಸ ಅವಳದು.

ಮೂರು ಬದಿ ಮುಚ್ಚಲು ರಟ್ಟು ಬೇಕಾಯಿತು. ರಟ್ಟಿಗಾಗಿ ಪೆಟ್ಟಿಗೆಗಳನ್ನು ಖಾಲಿ ಮಾಡಬೇಕಾಯಿತು. ಸಾಮಾನನ್ನು ನೆಲದ ಮೇಲೆ ಬಿಡಲಾಗದೆ ಕಪಾಟಿಗೆ ಜೋಡಿಸಿದೆ, ಬೇರೆ ದಾರಿಯಿರಲಿಲ್ಲ. ಕ್ಯಾಲೆಂಡರನ್ನೂ ಟಾಯ್ಲೆಟ್ಟಿನಲ್ಲಿ ತೂಗುಹಾಕಿದೆ, ಎಲ್ಲಾದರೂ ಇಡಬೇಕಲ್ಲ.

ಒಂದು ಪೆಟ್ಟಿಗೆಯ ತಳದಲ್ಲಿ ಬಾರೆಂಡನ ತಾಯಿಯ ನೀಲಿ ಹೂವಿನ ಸೂಪ್ ಪಾತ್ರೆ ಸಿಕ್ಕಿತು. ಮದುವೆಗೆ ಕೊಟ್ಟದ್ದು. ಪಾಲು ಮಾಡುವಾಗ ಇದಕ್ಕಾಗಿ ವಕೀಲರ ಮುಂದೆ ಜಗಳವಾಡಿ ಗೆದ್ದಿದ್ದೆ, ಗೆದ್ದ ಮೇಲೆ ಬಿಚ್ಚಿಯೂ ನೋಡಿರಲಿಲ್ಲ. ಸಾಗಿಸುವಾಗ ಅಂಚಿನಲ್ಲಿ ಅಂಗೈಯಗಲದ ಒಂದು ಚೂರು ಹಾರಿಹೋಗಿದೆ. ಚೂಪನ್ನು ಉಜ್ಜಿ ನುಣುಪು ಮಾಡಿ ಬೋರಲು ಹಾಕಿದರೆ, ಹಾರಿಹೋದ ಜಾಗವೇ ಬಾಗಿಲು. ಟ್ರೂಸ್ ನಾಲಗೆ ಚಾಚಿ, ಬಾಗಿಲನ್ನು ಮೂಸಿ, ಬಾಲದ ತುದಿಯವರೆಗೂ ಒಳಗೆ ಹೋಗಿಬಿಟ್ಟಳು. ಆ ಪಾತ್ರೆಗೆ ಇಷ್ಟು ಒಳ್ಳೆಯದು ಹಿಂದೆಂದೂ ಬಿದ್ದಿರಲಿಲ್ಲ.

ಆದರೂ ರಟ್ಟಿನ ಮೇಲಿನಿಂದ ಬೀದಿದೀಪ, ಇಣುಕುವ ತಲೆಗಳು. ಕೊನೆಗೆ ಪರದೆ ಎಳೆದೆ. ಎಳೆದ ರೂಢಿಯಿಲ್ಲದೆ ಕೊಂಡಿಗಳು ಕಿರುಗುಟ್ಟಿದವು.

ನವೆಂಬರ್ 6, ಗುರುವಾರ

ಬೆಳಗ್ಗೆ ಬಾಗಿಲಲ್ಲಿ ಹೆನ್ನಿ, ಕೈಯಲ್ಲಿ ಸೂಪು. ಹಿಂದೆ ಪಕ್ಕದ ಮನೆಯ ಊನೆ, ದೋಣಿ ರಿಪೇರಿಯವನು, ಭಾನುವಾರದ ಕಪ್ಪು ಕೋಟಿನಲ್ಲಿ. ಅವನ ಹಿಂದೆ ಟೋಪಿಯವನು ಮತ್ತು ಅವನ ಹೆಂಡತಿ, ನಾಯಿಯ ಸಮೇತ.

ಹೆನ್ನಿ ಮೆಲ್ಲಗೆ ಕೇಳಿದಳು: "ಪರದೆ ಎಳೆದಿದ್ದೀರಲ್ಲ. ಯಾರು?"

ಇಲ್ಲಿ ಪರದೆ ಎಳೆಯುವುದು ಸಾವಾದ ಮನೆಯವರು ಮಾತ್ರ. ಯಾರೂ ಸತ್ತಿಲ್ಲ, ಟ್ರೂಸ್‌ಗೆ ಏಕಾಂತ ಬೇಕಾಗಿದೆ ಎಂದೆ. ನಂಬಲಿಲ್ಲ. ಒಳಗೆ ಕರೆದು ತೋರಿಸಬೇಕಾಯಿತು. ಸೂಪ್ ಪಾತ್ರೆಯ ಬಾಗಿಲಲ್ಲಿ ಮೂಗಿನ ತುದಿ ಕಂಡಿತು. ಎಲ್ಲರೂ ಚರ್ಚಿನಲ್ಲಿ ನಿಂತಂತೆ ನಿಂತರು. ಊನೆ ಕೋಟಿನ ಗುಂಡಿ ಬಿಚ್ಚಿ, ಬಂದದ್ದು ಬಂದಾಯಿತು, ಕಾಫಿ ಇದೆಯಾ ಎಂದ. ಡಬ್ಬಿಯಲ್ಲಿ ಬಿಸ್ಕತ್ತು ಮುಗಿಯಿತು. ಇಂಥ ಬೀದಿ ನಾನು ನೋಡಿಲ್ಲ.

ನವೆಂಬರ್ 8, ಶನಿವಾರ

ತಿಂದಳು.

ಚಿಮಟದಲ್ಲಿ ಹಿಡಿದು ಪಾತ್ರೆಯ ಬಾಗಿಲ ಮುಂದೆ ಇಟ್ಟಿದ್ದೆ. ಏನೂ ಆಗಲಿಲ್ಲ. ಕೈ ಸೋತು, ಇನ್ನೇನು ತೆಗೆಯಬೇಕು ಎನ್ನುವಷ್ಟರಲ್ಲಿ ಒಂದು ಏಟು. ಚಿಮಟವೇ ಕೈಯಿಂದ ಜಾರಿತು. ಎರಡು ಸುತ್ತು ಸುತ್ತಿಕೊಂಡು, ಅವಸರವಿಲ್ಲದೆ, ತಲೆಯಿಂದ ಶುರುಮಾಡಿ ನುಂಗಿದಳು. ನನಗೆ ಕಣ್ಣೀರು ಬಂತು. ಸತ್ತ ಇಲಿಯನ್ನು ಹಾವು ನುಂಗುವುದನ್ನು ನೋಡಿ ಅತ್ತೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತೆ.

ಹಾವು ನುಂಗುವಾಗ ಹತ್ತಿರ ಓಡಾಡಬಾರದು, ಬೆದರಿದರೆ ಕಕ್ಕಿಬಿಡುತ್ತದೆ. ಹಾಗಾಗಿ ಮೇಜಿನ ಮುಂದೆ ಅಲುಗಾಡದೆ ಕೂರಬೇಕಾಯಿತು. ಆಲೂಗಡ್ಡೆ, ಸೊಪ್ಪು ಬೇಯಿಸಿ ಕಲಸಿದ್ದು, ಸಾಸೇಜು, ಸಾಸಿವೆ. ಎರಡು ಸಲ ಬಡಿಸಿಕೊಂಡೆ.

ಬಾರೆಂಡನಿಗೆ ನಾಳೆ ಹೇಳಿದರಾಯಿತು.

ನವೆಂಬರ್ 9, ಭಾನುವಾರ

ಹೆನ್ನಿ ಚರ್ಚಿಗೆ ಹೊರಟಿದ್ದಾಗ ಬಾಗಿಲಲ್ಲಿ ನಿಂತು ಬೆರಳುಗಳನ್ನು ಬಾಯಿಗೆ ತಂದು ತಲೆಯಾಡಿಸಿದೆ, ಹೌದು ಎಂದು. ಆಕೆ ಪ್ರಾರ್ಥನಾ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಮೇಲೆತ್ತಿದಳು. ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಊನೆ ಹೊಗೆಯಾಡಿಸಿದ, ಹಾವಿನಂತೆ ಉದ್ದನೆಯ ಈಲ್ ಮೀನು ತಂದುಕೊಟ್ಟ, ಆಕಾರದಲ್ಲಿ ಸಂದರ್ಭಕ್ಕೆ ಹೊಂದುತ್ತದೆ ಎಂದ.

ಬಾರೆಂಡನಿಗೆ ಹೇಳಿಲ್ಲ. ಒಂದು ಊಟ ಎಂದರೆ ಆಕಸ್ಮಿಕವೂ ಇರಬಹುದು. ಇನ್ನೊಂದು ಸಲ ತಿಂದ ಮೇಲೆ ಹೇಳುವುದೇ ಜವಾಬ್ದಾರಿಯುತ.

ನವೆಂಬರ್ 16, ಭಾನುವಾರ

ಇನ್ನೊಂದು ಸಲ ತಿಂದಳು. ಆದರೆ ಎರಡು ಸಲ ಎಂಬುದೂ ಏನು ಮಹಾ? ಒಂದೆರಡು ಸಲ ನೆಟ್ಟಗೆ ಗಾಡಿ ನಿಲ್ಲಿಸಿದವನ ಕೈಗೆ ಲೈಸೆನ್ಸ್ ಕೊಡುತ್ತೇನೆಯೇ? ಈ ವಾರ ಬಂದವರೆಲ್ಲರಿಗೂ ಕೊಟ್ಟೆ, ಅದು ಬೇರೆ ವಿಷಯ. ಈಚೆಗೆ ಹುಡುಗರು ಚೆನ್ನಾಗಿ ಓಡಿಸುತ್ತಿದ್ದಾರೆ. ಹವಾಮಾನದ ಪ್ರಭಾವವಿರಬೇಕು.

ನವೆಂಬರ್ 21, ಶುಕ್ರವಾರ

ಹೆನ್ನಿಯಿಂದ ಸೇಬಿನ ಕೇಕ್ ಕಲಿತೆ. ದಾಲ್ಚಿನ್ನಿ ಜಾಸ್ತಿ ಹಾಕಬೇಕಂತೆ, ಕೈ ಬಿಗಿ ಹಿಡಿಯಬಾರದಂತೆ. ಇಪ್ಪತ್ತೊಂಬತ್ತರಂದು ಬರುವವರಿಗೆ ಕುರ್ಚಿ ಸಾಲುವುದಿಲ್ಲ ಎಂದು ಊನೆ ತನ್ನವನ್ನು ತಂದಿಟ್ಟಿದ್ದಾನೆ. ಟ್ರೂಸ್ ಪೊರೆ ಬಿಟ್ಟಿದ್ದಾಳೆ, ಎಲ್ಲೂ ಹರಿಯದ ಒಂದೇ ಕಾಲುಚೀಲದ ಹಾಗೆ. ಟೋಪಿಯವನ ಹೆಂಡತಿ ಅದನ್ನು ಕೇಳಿ ತೆಗೆದುಕೊಂಡು ಹೋದಳು, ಏನು ಮಾಡುತ್ತಾಳೋ.

ಬಾರೆಂಡ್ ಫೋನ್ ಮಾಡಿದ್ದ, ಬರೆಯುವುದೇ ಮರೆತಿತ್ತು. ತೋಟದ ಕೋಣೆ ಮುಗಿಯಿತಂತೆ. ಮುಂದಿನ ಶನಿವಾರ ಬಂದು ನೋಡುತ್ತಾನಂತೆ, ತಿನ್ನುತ್ತಿದ್ದರೆ ಅಂದೇ ಒಯ್ಯುತ್ತಾನಂತೆ. ಆ ಶನಿವಾರ ಯಾವ ತಾರೀಖು ಎಂದು ಅವನಿಗೆ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ತಿಂದಳಾ ಎಂದು ಕೇಳುವ ಹೊತ್ತಿಗೆ ಒಲೆಯಲ್ಲಿ ಕೇಕ್ ಸೀದ ವಾಸನೆ ಬಂತು, ಫೋನ್ ಇಟ್ಟುಬಿಟ್ಟೆ. ಕೇಕ್ ಸೀದಿರಲಿಲ್ಲ.

ಒಪ್ಪಂದ ಒಪ್ಪಂದವೇ. ಅವನು ಒಯ್ದರೆ ಈ ಮೂಲೆ ಖಾಲಿಯಾಗುತ್ತದೆ, ಒಂದು ದೊಡ್ಡ ಕುಂಡ ಇಡಬಹುದು. ಕುಂಡ ನೋಡಲು ಯಾಕೋ ಇನ್ನೂ ಹೋಗಿಲ್ಲ.

ನವೆಂಬರ್ 29, ಶನಿವಾರ

ಕುರ್ಚಿಗಳನ್ನೆಲ್ಲ ಸುತ್ತಲೂ ಜೋಡಿಸಿದ್ದೆ. ಬಂದವರು ನನ್ನ ಕೈ ಕುಲುಕಿ, ಆಮೇಲೆ ಇಲ್ಲಿಯ ಪದ್ಧತಿಯಂತೆ ಒಬ್ಬರಿಗೊಬ್ಬರು ಕೈ ಕುಲುಕಿ, ಗೆರ್ಡೀನಳ ಹುಟ್ಟುಹಬ್ಬಕ್ಕೆ ಅಭಿನಂದನೆ ಎಂದು ಹೇಳಿಕೊಂಡು ಕೂತರು. ಕಾಫಿ, ಕೇಕ್, ಹವಾಮಾನ. ಎಲ್ಲ ಕ್ರಮವಾಗಿ ನಡೆಯುತ್ತಿದ್ದಾಗ ಬಾರೆಂಡ್ ಬಂದ, ಕೈಯಲ್ಲಿ ಹಾವು ಸಾಗಿಸುವ ಪೆಟ್ಟಿಗೆ.

ಒಳಗೆ ಕಾಲಿಟ್ಟವನನ್ನು ಬೀದಿ ಬಿಡಲಿಲ್ಲ. ಒಬ್ಬೊಬ್ಬರಾಗಿ ಎದ್ದು ಅವನ ಕೈ ಹಿಡಿದು, ಗೆರ್ಡೀನಳ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆಗಳು ಎಂದರು. ಟೋಪಿಯವನೂ ಹೇಳಿದ, ಅವನ ಹೆಂಡತಿಯೂ ಹೇಳಿದಳು. ಬಾರೆಂಡನ ಕಿವಿ ಕೆಂಪಾಯಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೂಲೆಯ ಕುರ್ಚಿಯಲ್ಲಿ, ತನ್ನ ಚಿಕ್ಕಮ್ಮನ ಹಾಗೆ ಕೂತ. ಕೂದಲು ತೆಳುವಾಗಿದೆ. ಕೇಕ್ ಕೊಟ್ಟೆ.

ರಟ್ಟಿನ ಮೇಲಿನಿಂದ ಗೂಡಿನೊಳಗೆ ಇಣುಕಿದ. "ಅದು ಅಮ್ಮನ ಸೂಪ್ ಪಾತ್ರೆ ಅಲ್ವಾ?"

ಹೌದು ಎಂದೆ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಸರಿ. ತಿಂತಿದಾಳಾ?"

ಕೋಣೆಯಲ್ಲಿ ಚಮಚಗಳ ಸದ್ದು ನಿಂತಿತು. ಅಲ್ಲಿದ್ದವರಲ್ಲಿ ಟ್ರೂಸ್ ಗುರುವಾರ ಏನು ತಿಂದಳು ಎಂಬುದು ಗೊತ್ತಿಲ್ಲದವನು ಬಾರೆಂಡ್ ಒಬ್ಬನೇ. ಇಷ್ಟು ಜನರ ಎದುರು ಸುಳ್ಳು ಹೇಳಲು ಸಾಧ್ಯವೇ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ, ಇನ್ನೂ ತಿಂದಿಲ್ಲ" ಎಂದೆ.

ನಾನು ನೆಲ ನೋಡುತ್ತಿದ್ದೆ. ಆಗ ಹೆನ್ನಿ, ಭಾನುವಾರ ಎರಡು ಹೊತ್ತೂ ಚರ್ಚಿಗೆ ಹೋಗುವ ಹೆನ್ನಿ, ತಟ್ಟೆಯನ್ನು ಮೊಣಕಾಲ ಮೇಲಿಟ್ಟು ಹೇಳಿದಳು: "ಬೆಳಗ್ಗೆಯಿಂದ ಒಂದು ತುತ್ತೂ ಮುಟ್ಟಿಲ್ಲಪ್ಪ. ನಾನೇ ಇಲ್ಲಿದ್ದೆ."

"ಬಹಳ ಕಷ್ಟದ ಹಾವು" ಎಂದ ಊನೆ, ಕೇಕಿನ ಕಡೆ ನೋಡುತ್ತ.

"ಅಲ್ಲಾಡಿಸಲೇಬಾರದು" ಎಂದ ಟೋಪಿಯವನು. ನಾಯಿ ಮಾತ್ರ ಏನೂ ಹೇಳಲಿಲ್ಲ.

ಬಾರೆಂಡ್ ಒಬ್ಬೊಬ್ಬರನ್ನೂ ನೋಡಿದ. ಹಾವಿನ ವಿಷಯದಲ್ಲಿ ಅವನು ದಡ್ಡನಲ್ಲ. ಏನಾದರೂ ಹೊಳೆಯಿತೋ ಇಲ್ಲವೋ, ಕೇಕ್ ಮುಗಿಸಿ, ಖಾಲಿ ಪೆಟ್ಟಿಗೆ ಎತ್ತಿಕೊಂಡ. ತಿಂದ ತಕ್ಷಣ ತಿಳಿಸು ಎಂದ. ಖಂಡಿತ ಎಂದು ನಾನು ಹೇಳುವ ಮೊದಲೇ ಮೂರು ನಾಲ್ಕು ಜನ ಹೇಳಿದರು.

ಅವನು ಹೋದ ಮೇಲೆ ಬಿಸ್ಕತ್ತಿನ ಡಬ್ಬಿ ತೆರೆದಿಟ್ಟೆ, ಮುಚ್ಚಲಿಲ್ಲ.

ನವೆಂಬರ್ 30, ಭಾನುವಾರ

ಚರ್ಚಿನಿಂದ ಬಂದ ಹೆನ್ನಿಯನ್ನು, ನಿನ್ನೆಯದು ಪಾಪವಲ್ಲವೇ ಎಂದು ಕೇಳಿದೆ. "ನಾನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ" ಎಂದಳು. "ನೀವು ಹೇಳಿದ್ದಕ್ಕೆ ಇವತ್ತು ಪ್ರಾರ್ಥನೆ ಮಾಡಿ ಬಂದಿದ್ದೀನಿ. ಸಣ್ಣದೇ ಮಾಡಿದೆ."

ಡಿಸೆಂಬರ್ 6, ಶನಿವಾರ

ಅಂಗಡಿಗೆ ಹೋಗಿ ಚಳಿಗಾಲ ಮುಗಿಯುವವರೆಗೆ ಸಾಲುವಷ್ಟು ಇಲಿ ತಂದೆ. ಜಾಗ ಸಾಲದೆ ಬಟಾಣಿಯನ್ನು ಊನೆಗೆ ಕೊಟ್ಟೆ.

ಮಧ್ಯಾಹ್ನ ಬಾರೆಂಡನ ಸಂದೇಶ ಬಂತು, ಏನಾದರೂ ತಿಂದಳಾ ಎಂದು. ಟ್ರೂಸ್ ಆಗಷ್ಟೇ ನುಂಗಿ ಮುಗಿಸಿ, ಹೊಟ್ಟೆ ಉಬ್ಬಿಸಿಕೊಂಡು ಪಾತ್ರೆಯೊಳಗೆ ಹೋಗುತ್ತಿದ್ದಳು. ಬಾಲ ಪೂರ್ತಿ ಒಳಗೆ ಹೋಗುವವರೆಗೆ ಕಾದು ಉತ್ತರ ಬರೆದೆ: ಇಲ್ಲ, ಪಾಪ, ಇನ್ನೂ ಒಗ್ಗಿಲ್ಲ.